ಕರೆಂಟು ಕೇಳುತ್ತಿದ್ದ ಅಕ್ಕ

ಅವರ ಎರಡು ಕಿವಿಗಳೂ ಸ್ವಲ್ಪ ಮುಂದಕ್ಕೆ ಬಾಗಿದ್ದವು. ಹುಟ್ಟಿನಿಂದ ಬಂದದ್ದಲ್ಲ. ಮಸ್ಕತ್ತಿನ ಆಸ್ಪತ್ರೆಯೊಂದರ ಆಪರೇಷನ್ ಥಿಯೇಟರಿನಲ್ಲಿ ಅರ್ಧ ಆಯುಷ್ಯ ನರ್ಸಾಗಿ ದುಡಿದು, ಮಾಸ್ಕಿನ ದಾರ ದಿನವಿಡೀ ಎಳೆದೂ ಎಳೆದೂ ಹಾಗಾದದ್ದು ಎಂದು ಅವರೇ ಹೇಳುತ್ತಿದ್ದರು. ಸಂಜೆ ಹಾಡು ಕೇಳಲು ಕುಳಿತುಕೊಳ್ಳುವ ಮೊದಲು ಬೆಂಡೋಲೆಗಳನ್ನು ಬಿಚ್ಚಿ ಸ್ಟೀಲಿನ ಸಣ್ಣ ಬಟ್ಟಲಿಗೆ ಹಾಕುವುದು ಅವರ ಅಭ್ಯಾಸ. ಖಾಲಿಯಾದ ಕಿವಿಯ ಹಾಲೆಗಳನ್ನು ಒಮ್ಮೆ ತಿಕ್ಕಿಕೊಂಡು, ಕುರ್ಚಿಗೆ ಒರಗಿ ಕಣ್ಣು ಮುಚ್ಚುತ್ತಿದ್ದರು. ಆಮೇಲೆ ಯಾರೂ ಮಾತಾಡುವಂತಿಲ್ಲ.

ನಾನು ಬಂಟ್ವಾಳದ ಕೋರ್ಟಿನಲ್ಲಿ ಸ್ಟೆನೋ. ಹಾಸನದ ಕಡೆಯಿಂದ ವರ್ಗವಾಗಿ ಬಂದಾಗ ನನಗೂ ಅಮ್ಮನಿಗೂ ಬಾಡಿಗೆ ಮನೆ ಸಿಕ್ಕಿದ್ದು ಮಾಣಿಯಲ್ಲಿ, ಹೆದ್ದಾರಿಯಿಂದ ಸ್ವಲ್ಪ ಒಳಗೆ, ಅವರ ಕಂಪೌಂಡಿನಲ್ಲಿ. ಮುಂದೆ ಅವರ ಮನೆ, ಹಿಂದೆ ಎರಡು ಕೋಣೆಯ ನಮ್ಮ ಮನೆ, ನಡುವೆ ಬಾವಿ. ಅವರು ಮದುವೆಯಾಗಿರಲಿಲ್ಲ. ಮನೆ ಅವರ ತಾಯಿಯ ಪಾಲಿಗೆ ಬಂದು, ತಾಯಿಯಿಂದ ಅವರಿಗೆ ಬಂದದ್ದು. ಊರಿನಲ್ಲಿ ಎಲ್ಲರೂ ಅವರನ್ನು ಅಕ್ಕ ಎನ್ನುತ್ತಿದ್ದರು. ನಾನೂ ಹಾಗೇ ಕರೆದೆ. ಅವರಿಗಿಂತ ದೊಡ್ಡವಳಾದ ನನ್ನ ಅಮ್ಮನೂ ಹಾಗೇ ಕರೆದಳು. ನಮಗೆ ತುಳು ಅರ್ಥವಾಗುವುದು ಅಷ್ಟಕ್ಕಷ್ಟೇ ಆದ್ದರಿಂದ ನಮ್ಮ ಹತ್ತಿರ ಅವರು ಶಾಲೆಯಲ್ಲಿ ಕಲಿತ ಕನ್ನಡವನ್ನು ನಿಧಾನವಾಗಿ, ಒಂದೊಂದೇ ಶಬ್ದ ಎತ್ತಿ ಇಟ್ಟ ಹಾಗೆ ಮಾತಾಡುತ್ತಿದ್ದರು.

ಸಾಕ್ಷಿಗಳ ಮಾತನ್ನು ಬರೆದುಕೊಳ್ಳುವುದು ನನ್ನ ಕೆಲಸ. ಕಂಡದ್ದು ಯಾವುದು, ಕೇಳಿದ್ದು ಯಾವುದು, ಊಹಿಸಿದ್ದು ಯಾವುದು ಎಂದು ವಕೀಲರು ಅಲ್ಲಿ ಬಿಡಿಸಿ ಬಿಡಿಸಿ ಕೇಳುತ್ತಾರೆ. ಅಕ್ಕನ ಬಗ್ಗೆ ಬರೆಯುವಾಗ ನಾನೂ ಹಾಗೆ ಬಿಡಿಸಿ ಹೇಳಬೇಕೆಂದಿದ್ದೇನೆ. ಒಂದು ಬೆಳಗಿನ ನೆನಪಾದರೆ ಈಗಲೂ ನನ್ನ ಸಾಲುಗಳು ಹಿಂದುಮುಂದಾಗುತ್ತವೆ. ಆದ್ದರಿಂದ ನಿಧಾನವಾಗಿ ಹೇಳುತ್ತೇನೆ.

ಅಕ್ಕ ಮಸ್ಕತ್ತಿನಿಂದ ಚಿನ್ನಕ್ಕಿಂತ ಹೆಚ್ಚು ಜೋಪಾನವಾಗಿ ತಂದದ್ದು ಒಂದು ಆಂಪ್ಲಿಫೈಯರ್, ರೆಕಾರ್ಡ್ ತಿರುಗಿಸುವ ಒಂದು ಯಂತ್ರ, ಆಳೆತ್ತರದ ಎರಡು ಸ್ಪೀಕರ್. ಜಗಲಿಯ ಪಕ್ಕದ ಕೋಣೆಯಲ್ಲಿ ಅವಕ್ಕೇ ಜಾಗ. ಅಲ್ಲಿ ಟಿವಿ ಇಲ್ಲ, ಮಂಚ ಇಲ್ಲ. ಅವರ ಹತ್ತಿರ ವೀಣೆಯ ರೆಕಾರ್ಡುಗಳು ಹೆಚ್ಚು, ಸ್ಯಾಕ್ಸೊಫೋನಿನವು ಕೆಲವು. ವೀಣೆಯೇ ಯಾಕೆ ಎಂದು ಒಮ್ಮೆ ಕೇಳಿದೆ. ಮೀಟಿದ ಮೇಲೆ ಸ್ವರ ಸಣ್ಣದಾಗುತ್ತಾ ಹೋಗಿ ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು, ಆ ಜಾಗ ಕೇಳಲಿಕ್ಕೆ ತನಗೆ ಇಷ್ಟ ಎಂದರು.

ಆ ಜಾಗ ಕೇಳಬೇಕಾದರೆ ಕರೆಂಟು ಚೊಕ್ಕ ಇರಬೇಕು ಎಂಬುದು ಅವರ ನಂಬಿಕೆ. ಇದನ್ನು ಅವರು ಆಪರೇಷನ್ ಥಿಯೇಟರಿನಿಂದ ತಂದಿದ್ದರು. ಅಲ್ಲಿ ಎದೆ ತೆರೆದು ಮಲಗಿಸಿದವನ ಸುತ್ತ ಇರುವ ಯಂತ್ರಗಳಿಗೆ ಹೊರಗಿನ ಕರೆಂಟನ್ನು ನೇರ ಕೊಡುವುದಿಲ್ಲವಂತೆ. ಬೇರೆ ಟ್ರಾನ್ಸ್‌ಫಾರ್ಮರು, ಬೇರೆ ಅರ್ತಿಂಗ್, ದಿನವೂ ಪರೀಕ್ಷೆ. ತಂತಿಯಲ್ಲಿ ಚೂರು ದೋಷವಿದ್ದರೂ ಹೃದಯದ ಗೆರೆ ತೋರಿಸುವ ಪರದೆಯಲ್ಲಿ ಗೆರೆ ನಡುಗುವುದನ್ನು ಅವರು ಕಣ್ಣಾರೆ ಕಂಡಿದ್ದರು.

“ಕರೆಂಟು ಹೊಳೆಯ ನೀರಿನ ಹಾಗೆ ಮಾರಾಯ್ತಿ. ಮೇಲಿನ ಕಡವಿನಲ್ಲಿ ಬಟ್ಟೆ ಒಗೆದರೆ ನಮ್ಮ ಕಡವಿಗೆ ಸೋಪಿನ ನೊರೆ ಬರ್ತದೆ,” ಎನ್ನುತ್ತಿದ್ದರು.

ಬೇಸಗೆಯಲ್ಲಿ ಸುತ್ತಲಿನ ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ ನಮ್ಮಲ್ಲಿ ಫ್ಯಾನು ಸೋತು ತಿರುಗುತ್ತದೆ, ಟ್ಯೂಬ್‌ಲೈಟ್ ಹತ್ತಿಕೊಳ್ಳುವುದಿಲ್ಲ. ಆಗ ಅಕ್ಕ ಹಾಡು ಹಾಕುತ್ತಿರಲಿಲ್ಲ. ಪಂಪು ನಿಂತು, ಸ್ಟೆಬಿಲೈಜರಿನ ಮುಳ್ಳು ಮೇಲೆ ಬಂದ ಮೇಲೆಯೇ ಬೆಂಡೋಲೆ ಬಿಚ್ಚುವುದು. ಕರೆಂಟು ಹೋದಾಗ ಇನ್ವರ್ಟರ್ ಇತ್ತು. ಆದರೆ ಅದರಲ್ಲಿ ಸ್ಪೀಕರು ಗುಂಯ್ ಎನ್ನುತ್ತದೆಂದು ಅದನ್ನು ಆ ಕೋಣೆಗೆ ತಂದಿರಲಿಲ್ಲ. “ಅದು ಕರೆಂಟಲ್ಲ, ಕರೆಂಟಿನ ವೇಷ,” ಎಂದಿದ್ದರು.

ಮನೆಯ ಬಲಬದಿಯಲ್ಲಿ, ಪೇರಳೆ ಗಿಡದ ಬುಡದಲ್ಲಿ, ದೋಷದ ಕರೆಂಟನ್ನು ನೆಲಕ್ಕೆ ಇಳಿಸುವ ಅರ್ತಿಂಗಿನ ಗುಂಡಿ ಇತ್ತು. ನೆಲದಿಂದ ಒಂದು ಕಬ್ಬಿಣದ ಪೈಪು ಮೇಲೆ ಬಂದಿತ್ತು, ಸುತ್ತ ಸಿಮೆಂಟಿನ ಚೌಕ. ನಮ್ಮದು ಮುರಕಲ್ಲಿನ ನೆಲ, ಮಳೆ ನಿಂತ ಮೇಲೆ ಬೇಗ ಒಣಗುತ್ತದೆ. ನೆಲ ಒಣಗಿದರೆ ಅರ್ತಿಂಗ್ ಹಿಡಿಯುವುದಿಲ್ಲ. ಆದ್ದರಿಂದ ಅಕ್ಕ ಚಳಿಗಾಲ ಕಳೆದ ಮೇಲೆ ದಿನಾ ಸಂಜೆ ಒಂದು ಕೊಡಪಾನ ನೀರು ತಂದು ಆ ಪೈಪಿಗೆ ಸುರಿಯುತ್ತಿದ್ದರು. ಸ್ನಾನ ಮುಗಿಸಿ, ಒದ್ದೆ ಕೂದಲಿನಲ್ಲಿ, ಬರಿಗಾಲಿನಲ್ಲಿ. ತೆಂಗಿನಕಾಯಿ ಕೀಳಲು ಹೊಸದಾಗಿ ಬಂದವನೊಬ್ಬ ಇದನ್ನು ಕಂಡು, ಅಲ್ಲೇನೋ ನಾಗನ ಸಾನ್ನಿಧ್ಯ ಇದೆ ಎಂದುಕೊಂಡು ಚಪ್ಪಲಿ ದೂರ ಬಿಟ್ಟು, ಕೈಮುಗಿದು, ಆಮೇಲೆ ಮರ ಹತ್ತಿದ. ಅಕ್ಕ ಅವನ ನಂಬಿಕೆಯನ್ನು ತಿದ್ದಲಿಲ್ಲ. ಆ ಪೈಪಿಗೆ ಯಾರೂ ಕಾಲು ತಾಗಿಸದಿದ್ದರೆ ಒಳ್ಳೆಯದೇ ಎಂದರು.

ಇಷ್ಟರವರೆಗೆ ಅವರ ಮಾತನ್ನು ಯಾರೂ ಪೂರ್ತಿ ಅಲ್ಲಗಳೆಯುತ್ತಿರಲಿಲ್ಲ. ಜಗಳ ಶುರುವಾದದ್ದು ಒಂದು ವೈರಿನಿಂದ.

ಮಸ್ಕತ್ತಿನ ಗೆಳತಿಯೊಬ್ಬರ ಕೈಯಲ್ಲಿ ಅವರು ಒಂದು ಪವರ್ ಕೇಬಲ್ ತರಿಸಿಕೊಂಡರು. ಗೋಡೆಯ ಪ್ಲಗ್ಗಿನಿಂದ ಆಂಪ್ಲಿಫೈಯರಿಗೆ ಹೋಗುವ ವೈರು, ಅಷ್ಟೇ. ಹೆಬ್ಬೆರಳಿಗಿಂತ ದಪ್ಪ, ಮೇಲೆ ನೀಲಿ ದಾರದ ನೇಯ್ಗೆ, ಒಳಗೆ ತಾಮ್ರದ ಮೇಲೆ ಬೆಳ್ಳಿಯ ಲೇಪ. ಬಗ್ಗಿಸಿದರೆ ಬಗ್ಗುತ್ತಿರಲಿಲ್ಲ. ಅದನ್ನು ಹಾಕಿದ ದಿನ ನನ್ನನ್ನೂ ಅಮ್ಮನನ್ನೂ ಕರೆದು ಕೂರಿಸಿ ವೀಣೆ ಕೇಳಿಸಿದರು. ಮೊದಲು ಕಿಟಕಿಗೆ ಗಾಜು ಇದ್ದ ಹಾಗೆ ಇತ್ತು, ಈಗ ಗಾಜು ತೆಗೆದ ಹಾಗೆ ಆಗಿದೆ ಎಂದರು. ಅಮ್ಮ ಹೌದೆಂದು ತಲೆಯಾಡಿಸಿದಳು. ಅಮ್ಮನಿಗೆ ಏನು ಕೇಳಿಸಿತೋ ಗೊತ್ತಿಲ್ಲ. ನನಗೆ ಚೆನ್ನಾಗಿ ಕೇಳಿಸಿತು. ಮೊದಲೂ ಚೆನ್ನಾಗಿಯೇ ಕೇಳಿಸುತ್ತಿತ್ತು.

ಅಕ್ಕನ ತಮ್ಮ ಮುಂಡಾಜೆಯಲ್ಲಿ ಇದ್ದರು. ಬೆಳ್ತಂಗಡಿಯ ಕಡೆ ಮನೆಗಳಿಗೆ ವೈರಿಂಗ್ ಮಾಡಿಸುವ ಕಾಂಟ್ರಾಕ್ಟರು, ತಮಾಷೆಯ ಮನುಷ್ಯ. ಬಂದವರೇ ಆ ನೀಲಿ ವೈರನ್ನು ಹಾವಿನ ಹಾಗೆ ಎತ್ತಿ ತೂಗಿ ನೋಡಿ, ಇದನ್ನು ಸಾಕುವುದಕ್ಕೆ ಹಾಲು ಎಷ್ಟು ಬೇಕು ಎಂದು ಕೇಳಿದರು. ಆಮೇಲೆ ಬಾಗಿಲಿನಿಂದ ಹೊರಗೆ ಕೈ ತೋರಿಸಿದರು.

“ಅಕ್ಕ, ಆ ಕಂಬದಿಂದ ಇಲ್ಲಿವರೆಗೆ ಬರುವುದು ಕಾಗೆ ಕೂರುವ ಅಲ್ಯುಮಿನಿಯಂ ತಂತಿ. ಗೋಡೆಯ ಒಳಗೆ ನಾನು ಎಳೆದ ಮಾಮೂಲಿ ತಾಮ್ರ. ಕೊನೆಯ ಎರಡು ಮೊಳಕ್ಕೆ ನಿನ್ನ ಬೆಳ್ಳಿ. ಕರೆಂಟು ಅಷ್ಟು ದೂರ ಕೆಸರಲ್ಲಿ ನಡೆದು, ನಿನ್ನ ಜಗಲಿಯಲ್ಲಿ ಕಾಲು ತೊಳೆದು ಒಳಗೆ ಬರ್ತದಾ?”

“ಕಾಲು ತೊಳೆದು ಬಂದರೆ ಒಳಗೆ ಕೆಸರಿಲ್ಲವಲ್ಲ,” ಎಂದರು ಅಕ್ಕ.

ಹಾಗಾದರೆ ನೋಡಿಯೇ ಬಿಡುವ ಎಂದು ತಮ್ಮ ಒಂದು ಉಪಾಯ ಹೂಡಿದರು. ಒಂದು ಆದಿತ್ಯವಾರ ಮಧ್ಯಾಹ್ನ ಊಟವಾದ ಮೇಲೆ ಆಂಪ್ಲಿಫೈಯರಿನ ಹಿಂಬದಿಗೆ ಒಂದು ಹೊದಿಕೆ ಅಡ್ಡ ಕಟ್ಟಿದರು. ಹೊದಿಕೆಯ ಆಚೆ ಕುಳಿತು ಒಮ್ಮೆ ನೀಲಿ ವೈರು, ಒಮ್ಮೆ ಹಳೆಯ ಕಂಪ್ಯೂಟರಿನ ಕಪ್ಪು ವೈರು ಹಾಕುತ್ತಾರೆ. ಯಾವುದು ಎಂದು ಹೇಳುವುದಿಲ್ಲ. ಅಕ್ಕ ಕೇಳಿ ಹೇಳಬೇಕು. ನಾನು ಹೊದಿಕೆಯ ಪಕ್ಕದಲ್ಲಿ, ಎರಡೂ ಕಡೆ ಕಾಣುವ ಹಾಗೆ ಕುಳಿತೆ. “ಕೋರ್ಟಿನವರು ಇದ್ದಾರೆ, ಮೋಸ ಆಗುವುದಿಲ್ಲ,” ಎಂದರು ತಮ್ಮ.

ನಾನು ಕಂಡದ್ದು ಇಷ್ಟು. ಅಕ್ಕ ಕೆಲವು ಸಲ ಸರಿ ಹೇಳಿದರು, ಅಷ್ಟೇ ಸಲ ತಪ್ಪು ಹೇಳಿದರು. ನಾಣ್ಯ ಚಿಮ್ಮಿ ಹೇಳಿದ್ದರೂ ಹಾಗೇ ಆಗುತ್ತಿತ್ತು. ಒಂದು ಸಲ ತಮ್ಮ ವೈರು ಬದಲಿಸಿದ ಹಾಗೆ ಸದ್ದು ಮಾಡಿ ಬದಲಿಸಲೇ ಇಲ್ಲ. ಕಪ್ಪು ವೈರೇ ಇತ್ತು. ಅಕ್ಕ ಕಣ್ಣು ಮುಚ್ಚಿಕೊಂಡು, “ಈಗ ಕಿಟಕಿ ತೆರೆಯಿತು,” ಎಂದರು. ತಮ್ಮ ಹೊದಿಕೆ ಸರಿಸಿ ತೋರಿಸಿದರು. ನಕ್ಕರು. ಅಮ್ಮನೂ ನಕ್ಕಳು.

ಅಕ್ಕ ನಗಲಿಲ್ಲ. ಮುಖ ಕೆಂಪಗಾಯಿತು. ಎದ್ದು ಬಂದು ಆಂಪ್ಲಿಫೈಯರಿನ ಹಿಂದೆ ಬಗ್ಗಿ, ಯಾವ ವೈರು ಎಂದು ಕೈಯಿಂದ ಮುಟ್ಟಿ ನೋಡಿದರು. ಇನ್ನೊಂದು ಸಲ ಮಾಡು ಎಂದರು. ಮಾಡಿದರು. ಪುನಃ ತಪ್ಪಿತು. ಅಷ್ಟು ವರ್ಷ ಕಿವಿಯನ್ನು ನಂಬಿ ಕೆಲಸ ಮಾಡಿದವರು ಅವರು. ಥಿಯೇಟರಿನಲ್ಲಿ ಯಂತ್ರದ ಬೀಪಿನಲ್ಲಿ ಒಂದು ಎಳೆ ವ್ಯತ್ಯಾಸವಾದರೂ ಡಾಕ್ಟರಿಗಿಂತ ಮೊದಲು ತಲೆ ಎತ್ತುತ್ತಿದ್ದವರು. ಅವರ ಮಟ್ಟಿಗೆ ಅದು ತಮಾಷೆಯಾಗಿರಲಿಲ್ಲ ಎಂದು ನನಗೆ ಅನಿಸಿತು. ಇದು ನನ್ನ ಊಹೆ.

“ಹಾಗಾದರೆ ನೀರು?” ಎಂದು ಕೇಳಿದರು ಆಮೇಲೆ. “ನಾನು ದಿನಾ ಹೊಯ್ಯುವ ನೀರು ಸಹ ಸುಳ್ಳಾ?”

ತಮ್ಮ ಅದನ್ನೂ ನೋಡೋಣ ಎಂದರು. ಅದು ಬಿರುಬೇಸಗೆ. ಎರಡು ದಿನ ನೀರು ಹಾಕದೆ ಬಿಟ್ಟು, ಮೂರನೆಯ ದಿನ ಹಾಡಿಲ್ಲದೆ ಸ್ಪೀಕರನ್ನು ದೊಡ್ಡದು ಮಾಡಿದಾಗ ಸಣ್ಣಗೆ ಒಂದು ಗುಂಯ್‌ಗುಡುವಿಕೆ ಇತ್ತು. ನಾನು ಹೋಗಿ ಪೈಪಿಗೆ ನೀರು ಸುರಿದು ಬಂದೆ. ಎಷ್ಟು ಹೊತ್ತಿಗೆ ಸುರಿಯುತ್ತೇನೆಂದು ಅಕ್ಕನಿಗೆ ಹೇಳಿರಲಿಲ್ಲ. ಗುಂಯ್‌ಗುಡುವಿಕೆ ಇಳಿಯಿತು. ಅಮ್ಮನಿಗೂ ಅದು ಗೊತ್ತಾಯಿತು. ಅದು ನಿಜ ಎಂದು ತಮ್ಮ ಫೋನಿನಲ್ಲಿ ಒಪ್ಪಿಕೊಂಡರು.

ಅಕ್ಕ ನೀಲಿ ವೈರನ್ನು ಬಿಚ್ಚಿ ಅಡುಗೆಮನೆಗೆ ಒಯ್ದು ಮಸ್ಕತ್ತಿನಿಂದ ತಂದಿದ್ದ ರೈಸ್ ಕುಕ್ಕರಿಗೆ ಹಾಕಿದರು. ಅದರ ಹಿಂದಿನ ತೂತಿಗೂ ಅದು ಸರಿಯಾಗಿ ಕೂರುತ್ತಿತ್ತು. ಇಷ್ಟು ಖರ್ಚು ಮಾಡಿದ್ದಕ್ಕೆ ಅನ್ನವಾದರೂ ಚೆನ್ನಾಗಿ ಬೇಯಲಿ ಎಂದರು. ಅಂದಿನಿಂದ ತಮ್ಮ ಊಟಕ್ಕೆ ಕುಳಿತಾಗಲೆಲ್ಲ ಒಂದು ತುತ್ತು ಬಾಯಿಗಿಟ್ಟು, ಹಾಡು ಕೇಳುವವರ ಹಾಗೆ ಕಣ್ಣು ಮುಚ್ಚಿ, “ಅಕ್ಕ, ಅನ್ನದಲ್ಲಿ ಬಾಸ್ ಸ್ವಲ್ಪ ಜಾಸ್ತಿ,” ಎನ್ನುವುದು ರೂಢಿಯಾಯಿತು. ಅಕ್ಕನೂ ನಗುತ್ತಿದ್ದರು. ಆದರೆ ಒಂದು ವ್ಯತ್ಯಾಸವನ್ನು ನಾನು ಗಮನಿಸಿದೆ. ಹಾಡು ಕೇಳುವಾಗ ಮೊದಲಿನ ಹಾಗೆ ಇದು ಹೀಗುಂಟು, ಅದು ಹಾಗುಂಟು ಎಂದು ಹೇಳುವುದನ್ನು ಅವರು ಬಿಟ್ಟಿದ್ದರು.

ಅದೇ ವರ್ಷದ ಮಳೆಗಾಲದಲ್ಲಿ ಅಮ್ಮನಿಗೆ ಮಂಡಿನೋವು ಹೆಚ್ಚಾಯಿತು. ಸಂಜೆ ಬಿಸಿನೀರಿನ ಸ್ನಾನ ಮಾಡಿದರೆ ನಿದ್ದೆ ಬರುತ್ತಿತ್ತು. ಅಕ್ಕ ನಮ್ಮ ಬಚ್ಚಲಿಗೆ ಗೀಸರ್ ಹಾಕಿಸಿದರು. ನಾವು ಕೇಳಿರಲಿಲ್ಲ, ಅವರೇ ಪೇಟೆಯಿಂದ ಜನ ಕರೆಸಿ ಹಾಕಿಸಿದ್ದು.

ಕೆಲವು ವಾರಗಳ ನಂತರ ಒಂದು ಸಂಜೆ ಅವರು ನನ್ನನ್ನು ಕರೆದರು. ವೀಣೆಯ ಹಿಂದೆ ಬೇರೆ ಏನೋ ಸದ್ದು ಉಂಟು, ಬಿಸಿ ಎಣ್ಣೆಗೆ ಸಾಸಿವೆ ಬಿದ್ದ ಹಾಗೆ, ಎಂದರು. ರೆಕಾರ್ಡಿನ ಗೀರು ಇರಬಹುದು ಎಂದೆ. ಅವರು ಮುಳ್ಳನ್ನು ಎತ್ತಿ ಬದಿಗಿಟ್ಟರು. ಹಾಡು ನಿಂತಿತು. ಸದ್ದು ನಿಂತಿಲ್ಲ ಎಂದರು. ನಾನು ಸ್ಪೀಕರಿನ ಹತ್ತಿರ ಕುಳಿತು ಕೇಳಿದೆ. ಒಮ್ಮೆ ಚಿಟಿಚಿಟಿ ಎಂದ ಹಾಗಾಯಿತು. ನನಗೆ ನಿಜವಾಗಿ ಕೇಳಿಸಿತೋ, ಅವರು ಹೇಳಿದ್ದರಿಂದ ಕೇಳಿಸಿತೋ, ಪ್ರಮಾಣ ಮಾಡಿ ಹೇಳಲಾರೆ. ಹೊರಗೆ ಮಳೆ ಬೇರೆ ಬರುತ್ತಿತ್ತು.

ಅವರು ಮುಳ್ಳು ಬದಲಾಯಿಸಿದರು. ಆಂಪ್ಲಿಫೈಯರಿನ ಪ್ಲಗ್ಗು ಬೇರೆ ಕಡೆ ಹಾಕಿ ನೋಡಿದರು. ತಮ್ಮನಿಗೆ ಫೋನು ಮಾಡಿದರು. ತಮ್ಮ, ಕುಕ್ಕರಿನ ವೈರು ತಂದು ಪುನಃ ಹಾಕು, ಸರಿಯಾಗ್ತದೆ ಎಂದು ನಕ್ಕರು. ಕೆಟ್ಟ ನಗುವಲ್ಲ. ಮುಂದಿನ ಆದಿತ್ಯವಾರ ಬರ್ತೇನೆ ಎಂದೂ ಹೇಳಿದರು. ಆ ಆದಿತ್ಯವಾರ ಅವರಿಗೆ ಬೇರೆ ಕೆಲಸ ಬಂತು.

ಆಮೇಲೆ ಒಂದು ಸಂಜೆ ನಾನು ಕೋರ್ಟಿನಿಂದ ಬರುವ ಹೊತ್ತಿಗೆ ಅಕ್ಕ ಬಾವಿಕಟ್ಟೆಯ ಹತ್ತಿರ ನಿಂತಿದ್ದರು. ಮಳೆ ಬಿಟ್ಟಿತ್ತು.

“ನನಗೆ ಒಂದು ಅನಿಸುತ್ತದೆ,” ಎಂದರು. “ನಿನ್ನ ಅಮ್ಮ ಸ್ನಾನಕ್ಕೆ ಹೋಗುವ ಹೊತ್ತಿಗೇ ಆ ಸದ್ದು ಬರುವುದು ಅಂತ. ಆದರೆ ನನಗೆ ಅನಿಸುವುದನ್ನು ನಾನೀಗ ನಂಬುವುದಿಲ್ಲ. ನೀನು ಒಂದು ಉಪಕಾರ ಮಾಡು. ಮನೆಗೆ ಹೋಗಿ ಬಾಗಿಲು ಹಾಕಿಕೊ. ಗೀಸರ್ ನಿನ್ನ ಇಷ್ಟದ ಹಾಗೆ ಹಾಕು, ತೆಗೆ. ನನಗೆ ಹೇಳಬೇಡ. ನಾನು ನನ್ನ ಮನೆಯಲ್ಲಿ ಸ್ಪೀಕರ್ ಕೇಳ್ತಾ ಕೂರ್ತೇನೆ. ಸದ್ದು ಬಂದರೆ ತಟ್ಟೆ ಬಡೀತೇನೆ, ನಿಂತರೂ ಬಡೀತೇನೆ. ನಿನಗೆ ಅಲ್ಲಿಗೆ ಕೇಳಿಸ್ತದೆ.”

ನಾನು ಆಯಿತು ಎಂದೆ. ಹೊರಟವಳನ್ನು ಪುನಃ ಕರೆದರು.

“ನನಗೆ ಮೋಸ ಮಾಡಲಿಕ್ಕೆ ನೋಡು. ಪಾಪ ಅಂತ ಬಿಡಬೇಡ.”

ನಾನು ಮನೆಗೆ ಬಂದು ಬಾಗಿಲು ಹಾಕಿದೆ. ಅಮ್ಮ ತನ್ನ ಮಂಚದ ಮೇಲೆ ಕುಳಿತು ಬತ್ತಿ ಹೊಸೆಯುತ್ತಿದ್ದಳು. ಗೀಸರಿನ ಸ್ವಿಚ್ಚು ಬಚ್ಚಲಿನ ಹೊರಗೆ, ಅದೇ ಕೋಣೆಯಲ್ಲಿತ್ತು. ಮೊದಲು ಸುಮ್ಮನೆ ನಿಂತೆ. ಆ ಕಡೆಯಿಂದ ಏನೂ ಇಲ್ಲ. ಫ್ಯಾನು ಹಾಕಿದೆ. ಏನೂ ಇಲ್ಲ. ದೀಪ ಹಾಕಿದೆ, ತೆಗೆದೆ. ಏನೂ ಇಲ್ಲ. ಗೀಸರ್ ಹಾಕಿದೆ. ಸ್ವಲ್ಪ ಹೊತ್ತಿಗೆ ಅಂಗಳದ ಆಚೆಯಿಂದ ತಟ್ಟೆಯ ಸದ್ದು ಬಂತು. ತೆಗೆದೆ. ಕೂಡಲೇ ಇನ್ನೊಮ್ಮೆ ಬಂತು.

“ಯಾರ ಮನೇಲೋ ಊಟಕ್ಕೆ ಕರೀತಿದಾರೆ,” ಎಂದಳು ಅಮ್ಮ.

ಅದು ಕಾಕತಾಳೀಯ ಇರಬಹುದು ಎಂದುಕೊಂಡೆ. ಬಹಳ ಹೊತ್ತು ಕಾದೆ. ಮಿಕ್ಸಿ ತಿರುಗಿಸಿದೆ. ತಟ್ಟೆ ಸುಮ್ಮನಿತ್ತು. ಗೀಸರ್ ಹಾಕಿದೆ. ತಟ್ಟೆ ಬಡಿಯಿತು. ತೆಗೆದು, ಕಾಯದೆ ಪುನಃ ಹಾಕಿದೆ. ಎರಡಕ್ಕೂ ಬಡಿಯಿತು. ಅವರಿಗೆ ನಾನು ಕಾಣುತ್ತಿರಲಿಲ್ಲ, ನನಗೆ ಅವರು ಕಾಣುತ್ತಿರಲಿಲ್ಲ. ನಡುವೆ ಎರಡು ಗೋಡೆ, ಒಂದು ಅಂಗಳ. ನನ್ನ ಬೆರಳು ಸ್ವಿಚ್ಚಿನ ಮೇಲೆ ಬಿದ್ದದ್ದು ಆ ಮನೆಯಲ್ಲಿ ಕುಳಿತವರಿಗೆ ಪ್ರತಿ ಸಲವೂ ಗೊತ್ತಾಗುತ್ತಿತ್ತು. ಅಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ನನ್ನ ಮುಖ ನೋಡುತ್ತಿದ್ದಳು.

ಅಕ್ಕ ಬರಿಗಾಲಿನಲ್ಲಿ ಅಂಗಳ ದಾಟಿ ಬಂದರು. ತಟ್ಟೆ ಇನ್ನೂ ಕೈಯಲ್ಲಿತ್ತು.

“ಎಷ್ಟು ತಪ್ಪಿತು?”

“ಒಂದೂ ತಪ್ಪಲಿಲ್ಲ ಅಕ್ಕ.”

ಅವರ ಮುಖದಲ್ಲಿ ಗೆದ್ದ ಸಂತೋಷ ಇರಲಿಲ್ಲ. ನೇರ ಹೋಗಿ ನಮ್ಮ ಮನೆಯ ಮೈನ್ ಸ್ವಿಚ್ಚು ಇಳಿಸಿದರು. “ಗೀಸರಿನ ಲೈನಿನಲ್ಲಿ ಎಲ್ಲಿಯೋ ಕಿಡಿ ಹಾರ್ತಾ ಉಂಟು. ಇವತ್ತು ಎಲ್ಲರೂ ನನ್ನ ಮನೆಯಲ್ಲಿ ಮಲಗುವ,” ಎಂದರು. ಅಮ್ಮ ತನ್ನ ದಿಂಬು ಎತ್ತಿಕೊಂಡಳು.

ತಮ್ಮನಿಗೆ ಫೋನು ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ. ಅವರು ಆ ಕಡೆಯಿಂದ ಆದಿತ್ಯವಾರ ಖಂಡಿತ ಎಂದು ಶುರು ಮಾಡಿದರು. ಅಕ್ಕ ನಡುವೆ ಬಾಯಿ ಹಾಕಿದರು.

“ಅವತ್ತು ನೀನು ಮಾಡಿದ ಹಾಗೆಯೇ ಗೀಸರ್ ಹಾಕಿಸಿ, ತೆಗೆಸಿ ನೋಡಿದೆ. ನನಗೆ ಗೊತ್ತಾಗದ ಹಾಗೆ. ಒಂದೂ ತಪ್ಪಲಿಲ್ಲ.”

ತಮ್ಮ ಬೇರೆಯೇ ಧ್ವನಿಯಲ್ಲಿ, “ಮೈನ್ ತೆಗೆದಾಯ್ತಾ?” ಎಂದು ಕೇಳಿದರು. ಆಯ್ತು ಎಂದರು ಅಕ್ಕ. “ಬೆಳಿಗ್ಗೆ ಬರ್ತೇನೆ,” ಎಂದು ಫೋನು ಇಟ್ಟರು.

ಬೆಳಿಗ್ಗೆ ನಾವು ಚಹಾ ಕುಡಿಯುವ ಮೊದಲೇ ಬಂದರು. ಮುಂಡಾಜೆಯಿಂದ ಅಷ್ಟು ಬೇಗ ಬರಬೇಕಾದರೆ ಕತ್ತಲೆಯಲ್ಲೇ ಹೊರಟಿರಬೇಕು. ಅಕ್ಕನ ಮನೆಯಿಂದ ನಮ್ಮ ಮನೆಗೆ ಬರುವ ಲೈನು ಅಟ್ಟದ ಮೇಲಿಂದ ಹಾದು ಬಚ್ಚಲಿಗೆ ಇಳಿಯುತ್ತಿತ್ತು. ಆ ಅಟ್ಟ ಅಮ್ಮನ ಕೋಣೆಯ ಮೇಲೆ. ಅಲ್ಲಿ ಅಕ್ಕ ಸ್ನಾನದ ಹಂಡೆಯ ಒಲೆಗೆಂದು ತೆಂಗಿನ ಸಿಪ್ಪೆ, ಒಣಗಿದ ಗರಿ ತುಂಬಿಸಿಟ್ಟಿದ್ದರು. ಮಳೆಗಾಲದ ಉರುವಲು ಎಲ್ಲರ ಮನೆಯಲ್ಲೂ ಹಾಗೇ ಇರುತ್ತದೆ. ತಮ್ಮ ಏಣಿ ಇಟ್ಟು, ಟಾರ್ಚು ಹಿಡಿದು ಹತ್ತಿದರು. ಸಿಪ್ಪೆಯ ಚೀಲಗಳನ್ನು ಒಂದೊಂದಾಗಿ ಕೆಳಗೆ ಎಸೆದರು. ಮೊದಲಿನ ಚೀಲಗಳು ಬರುವಾಗ ಏನೋ ತಮಾಷೆ ಮಾಡುತ್ತಿದ್ದರು. ಕೊನೆಯ ಚೀಲವನ್ನು ಎಸೆಯಲಿಲ್ಲ, ಏಣಿಯಲ್ಲಿ ಹಿಡಿದುಕೊಂಡು ಇಳಿಸಿದರು. ಅದರ ಒಂದು ಬದಿ ಕಂದಾಗಿತ್ತು, ಇಸ್ತ್ರಿಪೆಟ್ಟಿಗೆ ಮರೆತು ಬಿಟ್ಟ ಬಟ್ಟೆಯ ಹಾಗೆ.

“ನೀವು ಒಮ್ಮೆ ಹತ್ತಿ ನೋಡಿ,” ಎಂದರು ನನಗೆ.

ನಾನು ಹತ್ತಿದೆ. ಕಂಡದ್ದನ್ನು ಮಾತ್ರ ಬರೆಯುತ್ತೇನೆ. ಮರದ ಪಟ್ಟಿಯ ಮೇಲೆ ಎರಡು ತಂತಿಗಳನ್ನು ಕೂಡಿಸಿ ಟೇಪು ಸುತ್ತಿದ ಒಂದು ಜಾಗ. ಟೇಪು ಕರಗಿ ಇಳಿದಿತ್ತು. ತಂತಿಯ ಪ್ಲಾಸ್ಟಿಕ್ ಸಿಪ್ಪೆ ಎದ್ದು ತಾಮ್ರ ಕಪ್ಪಾಗಿತ್ತು. ಅದರ ಕೆಳಗಿನ ಮರ ಒಂದು ಅಂಗೈಯಷ್ಟು ಅಗಲಕ್ಕೆ ಇದ್ದಿಲಾಗಿತ್ತು. ತಮ್ಮ ಸ್ಕ್ರೂಡ್ರೈವರಿನಿಂದ ಮುಟ್ಟಿದಾಗ ಪುಡಿಯಾಗಿ ಉದುರಿತು. ಅಟ್ಟದ ಹಲಗೆಗಳ ಸಂದಿನಿಂದ ಆ ಪುಡಿ ಕೆಳಗೆ ಬಿತ್ತು. ನಾನು ಸಂದಿನಲ್ಲಿ ಬಗ್ಗಿ ನೋಡಿದೆ. ಕೆಳಗೆ ಅಮ್ಮನ ಮಂಚ ಕಂಡಿತು. ಪುಡಿ ಬಿದ್ದದ್ದು ತಲೆ ಇಡುವ ಜಾಗದಲ್ಲಿ.

ಏಣಿ ಇಳಿಯುವಾಗ ಮೆಟ್ಟಿಲು ನನ್ನ ಕಾಲಿಗೆ ಸಿಕ್ಕಲಿಲ್ಲ. ಅಕ್ಕ ಕೆಳಗಿನಿಂದ ಪಾದ ಹಿಡಿದು ಒಂದೊಂದೇ ಮೆಟ್ಟಿಲ ಮೇಲೆ ಇಡಿಸಿದರು.

ತಮ್ಮ ಬಾವಿಕಟ್ಟೆಯ ಮೇಲೆ ಕುಳಿತು ಬಹಳ ಹೊತ್ತು ಕೈಯ ಮಸಿ ನೋಡಿಕೊಳ್ಳುತ್ತಿದ್ದರು.

“ಆ ಜಾಯಿಂಟು ನಾನೇ ಹಾಕಿದ್ದು ಅಕ್ಕ. ಕೆಲಸ ಕಲಿತ ಹೊಸತರಲ್ಲಿ.”

“ಆಗ ಅದು ಒಂದು ಬಲ್ಬಿಗೆ ಎಳೆದ ತಂತಿ. ಅದಕ್ಕೆ ಗೀಸರ್ ಕಟ್ಟಿಸಿದ್ದು ನಾನು, ನಿನ್ನನ್ನು ಕೇಳದೆ,” ಎಂದರು ಅಕ್ಕ. “ಚಹಾ ಕುಡಿ.”

“ನಿನ್ನ ಕಿವಿ ಇಲ್ಲದಿದ್ದರೆ—”

“ಕಿವಿಯ ಸುದ್ದಿ ಬಿಡು. ಅವತ್ತು ಬೆಳ್ಳಿ ಕೇಳಿಸಿದ್ದೂ ಇದೇ ಕಿವಿಗೆ.”

ಅವತ್ತೇ ತಮ್ಮ ಬಂಟ್ವಾಳದಿಂದ ಹೊಸ ತಂತಿ ತಂದು, ಗೀಸರಿಗೆ ಬೇರೆಯೇ ಲೈನು ಎಳೆದು, ಅಟ್ಟ ಪೂರ್ತಿ ಖಾಲಿ ಮಾಡಿ ಹೋದರು. ಸಂಜೆ ಅಕ್ಕ ಸ್ಪೀಕರ್ ದೊಡ್ಡದು ಮಾಡಿ, ನನ್ನನ್ನು ಗೀಸರ್ ಹಾಕಲು ಕಳುಹಿಸಿದರು. ತಟ್ಟೆ ಬಡಿಯಲಿಲ್ಲ. ನಾನು ಅವರ ಕೋಣೆಗೆ ಬಂದಾಗ ರೆಕಾರ್ಡ್ ಹಾಕದೆಯೇ ಕುಳಿತಿದ್ದರು. ನಾನೂ ಕುಳಿತೆ. ಏನೂ ಇಲ್ಲದಿರುವುದನ್ನು ನಾವಿಬ್ಬರೂ ಕೇಳಿದೆವು.

ಅವತ್ತು ಹೊದಿಕೆ ಕಟ್ಟಿ ಮಾಡಿದ ಪರೀಕ್ಷೆಯಿಂದ ಅವರಿಗೆ ನೋವಾಗಿತ್ತಾ ಎಂದು ಆಗ ಕೇಳಿದೆ.

“ಆಗಿತ್ತು,” ಎಂದರು. “ಆದರೆ ಅವತ್ತು ನಾನು ಸೋಲದಿದ್ದರೆ, ಈ ಸದ್ದು ಕೇಳಿದಾಗ ಇನ್ನೊಂದು ವೈರು ತರಿಸ್ತಿದ್ದೆ. ಇನ್ನೂ ದಪ್ಪದ್ದು.”

ಈ ಮಾತನ್ನು ನಾನು ಬಹಳ ಸಲ ನೆನೆದಿದ್ದೇನೆ. ಕೋರ್ಟಿನಲ್ಲಿ ನನಗೆ ಎರಡು ಬ‌ಗೆಯ ಸಾಕ್ಷಿಗಳು ಪರಿಚಯ. ತಾನು ಕಂಡದ್ದೇ ಸತ್ಯ ಎಂದು ಮೇಜು ಗುದ್ದುವವರು, ವಕೀಲರು ಒಮ್ಮೆ ಗದರಿಸಿದರೆ ಕಂಡದ್ದನ್ನೂ ಕಂಡಿಲ್ಲ ಎನ್ನುವವರು. ಎಲ್ಲರ ಎದುರು ತಪ್ಪಿದ ಮೇಲೂ ಅದೇ ಕಿವಿಯನ್ನು ಹಿಡಿದುಕೊಂಡು, ಈ ಸಲವಾದರೂ ಸರಿಯೇ ನೋಡುವ ಎಂದು ಕುಳಿತವರನ್ನು ನಾನು ಕಂಡದ್ದು ಅವರೊಬ್ಬರನ್ನೇ.

ಅಮ್ಮ ಈಗಲೂ ಇದ್ದಾಳೆ, ಅದೇ ಕೋಣೆಯಲ್ಲಿ. ಮಧ್ಯಾಹ್ನ ಅವಳು ಮಲಗಿರುವಾಗ ನಾನು ಬಾಗಿಲಲ್ಲಿ ನಿಂತು ಉಸಿರು ಕೇಳುತ್ತೇನೆ. ಕೇಳಿಸಿತು ಎಂದು ಅನಿಸಿದರೂ ಹತ್ತಿರ ಹೋಗಿ, ಹೊದಿಕೆ ಏರಿಳಿಯುವುದನ್ನು ನೋಡಿಯೇ ಬರುತ್ತೇನೆ. ಅವಳ ಈ ವರ್ಷಗಳೆಲ್ಲ ಅಕ್ಕ ಕೊಟ್ಟದ್ದು ಎಂದು ನಾನು ಹೇಳಿದರೆ ಅದು ಊಹೆಯಲ್ಲ. ನಾನು ಅಟ್ಟ ಹತ್ತಿ ನೋಡಿದ್ದೇನೆ.

ಅಕ್ಕ ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಕಾಯಿಲೆ ಏನೆಂದು ಅವರಿಗೆ ಡಾಕ್ಟರು ಹೇಳುವ ಮೊದಲೇ ಗೊತ್ತಿತ್ತು. ಆಸ್ಪತ್ರೆ ಸಾಕು ಎಂದು ಮನೆಗೆ ಬಂದು, ಜಗಲಿಯ ಪಕ್ಕದ ಕೋಣೆಯಲ್ಲೇ ಮಂಚ ಹಾಕಿಸಿಕೊಂಡರು. ನೋವಿನ ಮಾತ್ರೆಯಿಂದ ಇಲ್ಲದ್ದು ಕೇಳಿಸುವುದು ಉಂಟು, ಇಲ್ಲದ್ದು ಕಾಣುವುದು ಉಂಟು ಎಂದು ತಾವೇ ನನಗೆ ಮುಂಚಿತವಾಗಿ ಹೇಳಿಟ್ಟಿದ್ದರು. ಹಾಗೇನಾದರೂ ಆಗಿ ತಾನು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು, ಸಮಾಧಾನಕ್ಕೆ ಸುಳ್ಳು ಹೇಳಬಾರದು ಎಂದು ನನ್ನಿಂದ ಮಾತು ತೆಗೆದುಕೊಂಡಿದ್ದರು.

ತೀರಿಕೊಳ್ಳುವ ಹಿಂದಿನ ದಿನ ಮಧ್ಯಾಹ್ನ ಗಾಳಿಮಳೆಗೆ ಎಲ್ಲಿಯೋ ತಂತಿ ತುಂಡಾಗಿ ಕರೆಂಟು ಹೋಗಿತ್ತು. ನಾನು ಪಕ್ಕದಲ್ಲಿ ಕುಳಿತಿದ್ದೆ. ಅಕ್ಕ ಕಣ್ಣು ಮುಚ್ಚಿಕೊಂಡಿದ್ದರು. ನಿದ್ದೆ ಎಂದುಕೊಂಡೆ.

“ವೀಣೆ ಹಾಕಿದ್ದೀಯಾ?” ಎಂದು ಕೇಳಿದರು.

ಹೌದು ಎಂದು ಹೇಳುವುದು ಬಹಳ ಸುಲಭವಿತ್ತು.

“ಇಲ್ಲ ಅಕ್ಕ. ಕರೆಂಟೇ ಇಲ್ಲ.”

ಅವರು ನಿಧಾನವಾಗಿ ತಲೆಯಾಡಿಸಿದರು. “ಒಳ್ಳೇದಾಯ್ತು ಹೇಳಿದ್ದು,” ಎಂದರು. ನನ್ನ ಕೈ ಹುಡುಕಿ ಹಿಡಿದುಕೊಂಡರು. ಮುಖವನ್ನು ಸ್ಪೀಕರುಗಳ ಕಡೆಗೆ ತಿರುಗಿಸಿದರು.

“ಆದರೆ ಚೆಂದ ಉಂಟು, ಮಾರಾಯ್ತಿ.”

ನನಗೆ ಮಳೆ ಬಿಟ್ಟು ಬೇರೇನೂ ಕೇಳಿಸಲಿಲ್ಲ. ಅವರು ಕೇಳಿ ಮುಗಿಸುವವರೆಗೆ ಮಾತಾಡದೆ ಕುಳಿತಿದ್ದೆ.